ಊರಿಗೆ ಹೋಗುವವರು, ಟೂರಿಗೆ ಹೋಗುವವರು

ದೆಹಲಿಯ ಹಳೆಯ ಕನ್ನಡಿಗರ ಮನೆಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಎಂದರೆ ಇನ್ನೂ ಒಂದು ಮಮತೆ. ಎರಡು ರಾತ್ರಿಯ ಪ್ರಯಾಣ, ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ. ಈಗ ವಿಮಾನದಲ್ಲಿ ಸುಮಾರು ಮೂರು ಗಂಟೆ ಸಾಕು. ಅಪ್ಪನಿಗೆ ಹುಷಾರಿಲ್ಲವೆಂದು ಊರಿನಿಂದ ಫೋನ್ ಬಂದಾಗ ಯಾರೂ ರೈಲಿನ ವೇಳಾಪಟ್ಟಿ ಹುಡುಕುವುದಿಲ್ಲ. ಅದನ್ನು ತಪ್ಪೆನ್ನಲೂ ಆಗದು.

ವಿಮಾನ ನಿಲ್ದಾಣದ ಅದೇ ಸಾಲಿನಲ್ಲಿ ಮೂರು ದಿನದ ರಜೆಗೆ ಗೋವಾಕ್ಕೋ ಲೇಹ್‌ಗೋ ಹೊರಟವರೂ ನಿಂತಿರುತ್ತಾರೆ. ಊರಿಗೆ ಹೋಗುವುದು ಬೇರೆ, ಟೂರಿಗೆ ಹೋಗುವುದು ಬೇರೆ ಎಂದು ನಮ್ಮ ಮಾತಿಗೆ ಗೊತ್ತು, ಟಿಕೆಟ್ಟಿಗೆ ಗೊತ್ತಿಲ್ಲ. ಎಂಜಿನ್ನಿಗಂತೂ ಇಲ್ಲವೇ ಇಲ್ಲ. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ದೆಹಲಿ ವಿಮಾನ ನಿಲ್ದಾಣ 2022ರ ಜೂನ್‌ನಿಂದ ಜಲ ಮತ್ತು ಸೌರ ವಿದ್ಯುತ್ತಿನಲ್ಲೇ ನಡೆಯುತ್ತಿದೆ. ಒಳ್ಳೆಯದೇ. ಆದರೆ ಅದು ದೀಪ, ಏಸಿಗಳ ಮಾತು. ಮೇಲೇರಿದ ವಿಮಾನದ ಹೊಗೆಯದ್ದಲ್ಲ. ಅಂತರರಾಷ್ಟ್ರೀಯ ಹಾರಾಟಗಳ ಹೊಗೆಗೆ ಲೆಕ್ಕ ಕೇಳುವ ಕಾರ್ಸಿಯಾ ಒಪ್ಪಂದ ಭಾರತಕ್ಕೆ 2027ರಿಂದ ಅನ್ವಯಿಸುತ್ತದೆ. ಸುಸ್ಥಿರ ಇಂಧನ ಬೆರೆಸುವ ಗುರಿಯೂ (2027ಕ್ಕೆ 1%, 2030ಕ್ಕೆ 5%) ಮೊದಲಿಗೆ ವಿದೇಶಿ ಹಾರಾಟಗಳಿಗೇ. ದೆಹಲಿ–ಗೋವಾ ಎರಡರಿಂದಲೂ ಹೊರಗೆ.

ಹಾಗಾದರೆ ತೆರಿಗೆ? ದೇಶದೊಳಗಿನ ವಿಮಾನ ಪ್ರಯಾಣಕ್ಕೆಂದೇ 1989ರಲ್ಲಿ ಒಂದು ತೆರಿಗೆ ಬಂದಿತ್ತು, 2004ರಲ್ಲಿ ಹೋಯಿತು. ಈಗಲೂ ದೊಡ್ಡ ಮಾರ್ಗಗಳ ವಿಮಾನಗಳಿಂದ ಸುಂಕ ಪಡೆದು, ಉಡಾನ್ ಯೋಜನೆಯಲ್ಲಿ ಸಣ್ಣ ಊರುಗಳ ವಿಮಾನಗಳಿಗೆ ನೆರವು ಕೊಡಲಾಗುತ್ತಿದೆ; 2017ರ ಏಪ್ರಿಲ್‌ನಲ್ಲಿ ಅದರ ಮೊದಲ ವಿಮಾನ ಹಾರಿದ್ದು ಶಿಮ್ಲಾದಿಂದ ದೆಹಲಿಗೇ. ಅಂದರೆ ಒಬ್ಬರ ಟಿಕೆಟ್ಟಿನಿಂದ ಇನ್ನೊಬ್ಬರ ದಾರಿಗೆ ಹಣ ಹೊಂದಿಸುವುದು ನಮಗೆ ಹೊಸತಲ್ಲ. ಆ ಹಣದ ಒಂದು ಪಾಲು ರೈಲಿಗೇಕೆ ಹೋಗಬಾರದು?

ಯಾಕೆ ಹೊರಟಿರಿ ಎಂದು ಸರ್ಕಾರ ಕೇಳಬೇಕಿಲ್ಲ. ವರ್ಷದ ಮೊದಲೆರಡು ಪ್ರಯಾಣಗಳನ್ನು ಬಿಟ್ಟು, ಮುಂದಿನ ಪ್ರತಿ ಪ್ರಯಾಣಕ್ಕೂ ಸುಂಕ ಏರಿಸಬಹುದು. ಇದರಲ್ಲೂ ಅನ್ಯಾಯವಿದೆ: ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಆರು ಸಲ ಹಾರುವ ಮಗಳು, ಆರು ಸಲ ಬೀಚಿಗೆ ಹೋದವರಷ್ಟೇ ತೆರಬೇಕಾಗುತ್ತದೆ. ಯಾರು ಎಷ್ಟು ಸಲ ಹಾರಿದರೆಂಬ ಲೆಕ್ಕ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯೂ ಉಳಿಯುತ್ತದೆ.

ಅದಕ್ಕೇ ಮೊದಲ ಹೆಜ್ಜೆ ಹತ್ತಿರದ ದಾರಿಯಲ್ಲಿ ಇಡುವುದು ವಾಸಿ. ಎರಡೂವರೆ ಗಂಟೆಯೊಳಗೆ ರೈಲು ತಲುಪಿಸುವ ಕೆಲವು ಮಾರ್ಗಗಳಲ್ಲಿ ಫ್ರಾನ್ಸ್ 2023ರಲ್ಲಿ ವಿಮಾನ ನಿಲ್ಲಿಸಿತು. ದೆಹಲಿಯಿಂದ ಜೈಪುರಕ್ಕೆ ಶತಾಬ್ದಿ, ವಂದೇ ಭಾರತ್ ರೈಲುಗಳು ಐದು ಗಂಟೆಯೊಳಗೆ ತಲುಪುತ್ತವೆ. ಅಲ್ಲಿ ರೈಲು ಹೆಚ್ಚಿಸಿ, ವಿಮಾನದ ಸುಂಕ ಏರಿಸಿ ನೋಡಬಹುದು. ಬೆಂಗಳೂರಿಗೆ ರಾಜಧಾನಿಯಲ್ಲಿ ಹೋದರೂ ಒಂದು ದಿನ ಮೀರುತ್ತದೆ. ಆ ದಾರಿಯವರನ್ನು ಕೊನೆಗೆ ಕೇಳಿದರಾಯಿತು.