ಗುರುವಾಯೂರಿನ ಹಗಲುಮನೆ

ಕಾಸರಗೋಡಿನಿಂದ ಗುರುವಾಯೂರಿಗೆ ಹೋದವರು ಕೃಷ್ಣನ ಗುಡಿಯನ್ನೂ ಪುನ್ನತ್ತೂರು ಕೋಟೆಯ ಆನೆಗಳನ್ನೂ ಕಂಡು ಮರಳುತ್ತಾರೆ. ಅದೇ ಊರಿನಲ್ಲಿರುವ ‘ಸ್ಮೃತಿಪಥಂ’ ಎಂಬ ಹಗಲುಪಾಲನಾ ಕೇಂದ್ರದತ್ತ ಹೆಜ್ಜೆ ಹಾಕುವವರು ವಿರಳ.

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ತಗುಲಿದ ಹಿರಿಯರನ್ನು ಹಗಲುಹೊತ್ತು ನೋಡಿಕೊಳ್ಳುವುದು ಇಂಥ ಕೇಂದ್ರಗಳ ಕೆಲಸ. ಫಲ ಮಾತ್ರ ಮನೆಯಲ್ಲಿ ಉಳಿದವಳಿಗೂ ಸಲ್ಲುತ್ತದೆ. ಸಂಜೆಯಾಗುತ್ತಲೇ ‘ನಮ್ಮ ಮನೆಗೆ ಹೋಗೋಣ’ ಎಂದು ಸ್ವಂತ ಮನೆಯಲ್ಲೇ ಹಟ ಹಿಡಿಯುವ ಅತ್ತೆ, ನಡುರಾತ್ರಿ ಅಗುಳಿ ಸರಿಸುವ ಸದ್ದು, ಇವುಗಳ ನಡುವೆ ಸೊಸೆ ವರ್ಷಗಟ್ಟಲೆ ನಿದ್ದೆಗೆಟ್ಟಿರುತ್ತಾಳೆ. (ಸೊಸೆಯೇ ಏಕೆ, ಮಗನೇಕಲ್ಲ ಎಂಬ ಪ್ರಶ್ನೆ ಮನೆಗಳಲ್ಲಿ ಏಳುವುದು ಅಪರೂಪ.) ಬಿಡುವು ದೊರೆತ ದಿನ ಆಕೆಗೆ ಬೇಕಾಗುವುದು ತೀರ್ಥಯಾತ್ರೆಯಲ್ಲ, ಮೂರು ಗಂಟೆಯ ನಿದ್ದೆ.

ಗಡಿನಾಡಿನವರಿಗೆ ದೂರವೊಂದೇ ತೊಡಕಲ್ಲ. ಈ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಅನೇಕ ವೇಳೆ ಮೊದಲು ಜಾರುತ್ತದೆ. ಪೇಟೆಯಲ್ಲಿ ಮಲಯಾಳದಲ್ಲೇ ವ್ಯವಹರಿಸಿದ ಅಜ್ಜಿಗೆ ಕೊನೆಗೆ ಉಳಿಯುವುದು ತೊಟ್ಟಿಲ ಕನ್ನಡ, ಇಲ್ಲವೇ ತುಳು. ‘ಹೊಟ್ಟೆನೋವು’ ಎಂದು ಆಕೆ ನರಳಿದರೆ ದೂರದೂರಿನ ದಾದಿಗೆ ತಿಳಿಯುವುದು ಹೇಗೆ? ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಕನ್ನಡಿಗರಿಗೆ ಅವಕಾಶವಿತ್ತಿದೆ. ಮರೆವು ಹೊಕ್ಕವರು ಅರ್ಜಿ ಬರೆಯುವುದಿಲ್ಲ; ಬರೆಯಬೇಕಾದವರು ಮನೆಯವರು.

ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಹಗಲುಮನೆಯೊಂದು ತೆರೆಯುವುದಾದರೆ ಅಲ್ಲಿ ಅಜ್ಜಿಯ ಮಾತು ಬಲ್ಲ ಶುಶ್ರೂಷಕರು ಬೇಕು. ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಅದೂ ಒಂದು ಉದ್ಯೋಗ.