ಹೆಸರಿಲ್ಲದ ಕೋವಿ

ವಸ್ತಾರೆಯ ಸುತ್ತಿನ ಕಾಫಿತೋಟದ ಮನೆಗಳಲ್ಲಿ ಕೋವಿಯು ಹೊಸ ವಸ್ತುವಲ್ಲ. ಕೊಡೆ ಬೆತ್ತಗಳಂತೆ ಅದೂ ಮನೆಯ ಸಾಮಾನು. ನಮ್ಮ ಸೋದರಮಾವನವರ ಮನೆಯಲ್ಲಿಯೂ ಜೋಡುನಳಿಗೆಯ ಕೋವಿಯೊಂದುಂಟು. ಅದಕ್ಕೊಂದು ನಂಬರು, ನಂಬರಿಗೊಂದು ಪುಸ್ತಕ, ಪುಸ್ತಕದಲ್ಲಿ ಮಾವನವರ ಹೆಸರು, ಭಾವಚಿತ್ರ, ಸರ್ಕಾರದ ಮೊಹರು. ಚುನಾವಣೆ ಬಂದಿತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ತರುವರು. ಆ ರಸೀತಿಯನ್ನು ಅತ್ತೆಯವರು ಪಂಚಾಂಗದೊಳಗೆ ಜೋಪಾನಮಾಡುವರು. ಚುನಾವಣೆಯ ತಾರೀಖು ನಮಗಿಂತ ಮೊದಲು ಕಾಡುಹಂದಿಗಳಿಗೆ ತಿಳಿಯುತ್ತದೆಂಬುದು ಮಾವನವರ ಹಳೆಯ ದೂರು.

ಕೆಲವು ತಿಂಗಳ ಹಿಂದೆ ನಾನು ಅಲ್ಲಿದ್ದಾಗ ತೋಟದ ಲೈನಿನ ಹೆಂಗಸೊಬ್ಬಳು ಹಿತ್ತಿಲ ಬಾಗಿಲಿಗೆ ಬಂದು ಅಳುತ್ತ ನಿಂತಳು. ಪರವಾನಗಿಯಿಲ್ಲದ ಕೋವಿ ಸಿಕ್ಕಿತೆಂದು ಅವಳ ಮಗನನ್ನು ಪೊಲೀಸರು ಹಿಡಿದೊಯ್ದಿದ್ದರು. ಬಾಯಿಂದ ಮದ್ದು ಚರೆಗಳನ್ನು ತುಂಬುವ ಹಳೆಯ ಕೇಪಿನ ಕೋವಿ. ಹಂದಿಯ ಈಡಿಗೆಂದು ಯಾರಿಂದಲೋ ಅಗ್ಗಕ್ಕೆ ಕೊಂಡಿದ್ದನಂತೆ. “ನಿಮ್ಮನೇಲೂ ಕೋವಿ ಐತಲ್ಲಮ್ಮ, ಅದಕ್ಕೂ ನಮ್ಮ ಹುಡುಗಂದಕ್ಕೂ ಏನು ಭೇದ?” ಎಂದಳು. ಅತ್ತೆಯವರು ನನ್ನ ಮುಖವನ್ನು ನೋಡಿದರು. ಪಟ್ಟಣದಲ್ಲಿ ಓದಿದವನಿಗೆ ಎಲ್ಲವೂ ಗೊತ್ತಿರುತ್ತದೆಂದು ಅವರ ನಂಬಿಕೆ. ಆ ಪ್ರಶ್ನೆಯ ಬೆನ್ನುಹಿಡಿದು ನಾನು ಕಾನೂನಿನ ಪುಸ್ತಕಗಳನ್ನೂ ಹಳೆಯ ವೃತ್ತಪತ್ರಿಕೆಗಳನ್ನೂ ತಿರುವಿಹಾಕಿದೆನು.

ಅಗ್ಗದ ಆಯುಧವೆಂದೊಡನೆ ಪತ್ರಿಕೆಗಳಲ್ಲಿ ಕಣ್ಣಿಗೆ ಬೀಳುವುದು ಕೇಪಿನ ಕೋವಿಯಲ್ಲ, ಜೇಬಿನಲ್ಲಿ ಅಡಗುವ ನಾಡ ಪಿಸ್ತೂಲು. ಇದರ ತವರುಗಳಲ್ಲಿ ಹೆಸರಾದುದು ಬಿಹಾರದ ಮುಂಗೇರ್. 18ನೆಯ ಶತಮಾನದಲ್ಲಿ ಬಂಗಾಳದ ನವಾಬ ಮೀರ್ ಕಾಸಿಂ ತನ್ನ ರಾಜಧಾನಿಯನ್ನು ಅಲ್ಲಿಗೆ ಒಯ್ದು ಬಂದೂಕುಗಳನ್ನು ಮಾಡಿಸಿದನು. ಅಂದಿನ ಕೈಚಳಕ ಆ ಊರಿನಲ್ಲಿ ಉಳಿಯಿತು. ಅದರಲ್ಲಿ ಒಂದು ಪಾಲು ಕಳ್ಳದಾರಿ ಹಿಡಿಯಿತು. ಅಮೆರಿಕದವರಿಗೂ ಈ ಪೀಡೆ ತಪ್ಪಿಲ್ಲ. ಅಲ್ಲಿ ಇಂಥ ಅಗ್ಗದ ಪಿಸ್ತೂಲಿಗೆ ‘ಸ್ಯಾಟರ್ಡೆ ನೈಟ್ ಸ್ಪೆಷಲ್’ ಎಂದು ಹೆಸರು. 1968ರ ಕಾನೂನು ಹೊರದೇಶಗಳಿಂದ ಅದು ಬರುವುದನ್ನು ತಡೆಯಿತು. ಒಳನಾಡಿನಲ್ಲಿ ತಯಾರಾಗುವುದನ್ನು ತಡೆಯಲಿಲ್ಲ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗಾಯಿತು.

ನಮ್ಮ ನಾಡಿನ ಮಾತಿಗೆ ಬರೋಣ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಿನಲ್ಲಿಯೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಕೊಂದರು. ಎರಡು ಕಡೆಯೂ ಹಾರಿದುದು 7.65 ಮಿಲಿಮೀಟರಿನ ಒಂದೇ ನಾಡ ಪಿಸ್ತೂಲಿನ ಗುಂಡುಗಳೆಂದು ವಿಧಿವಿಜ್ಞಾನ ಪ್ರಯೋಗಾಲಯದವರು ಕಂಡುಕೊಂಡರು. ಈ ಪರೀಕ್ಷೆಯ ರೀತಿ ಸ್ವಾರಸ್ಯವಾದುದು. ಕುದುರೆಯನ್ನು ಎಳೆದಾಗ ಒಳಗಿನ ಸೂಜಿ ತೋಟೆಯ ಹಿಂಬದಿಗೆ ಬಡಿದು ತನ್ನ ಗುರುತನ್ನು ಒತ್ತುತ್ತದೆ. ಗುಂಡು ನಳಿಗೆಯಲ್ಲಿ ಉಜ್ಜಿಕೊಂಡು ಬರುವಾಗ ಅಲ್ಲಿನ ಗೀರುಗಳನ್ನು ಮೈಮೇಲೆ ಹೊತ್ತು ತರುತ್ತದೆ. ಈ ಗುರುತುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪಕ್ಕಪಕ್ಕಕ್ಕಿಟ್ಟು ತಾಳೆನೋಡುವರು. ಹೀಗೆ ಇದು ಅದೇ ಆಯುಧವೆಂದು ತಿಳಿಯಬಹುದು. ಯಾರದೆಂದು ಮಾತ್ರ ಅದು ಹೇಳಲಾರದು. ಮಾವನವರ ಕೋವಿಯಿಂದ ಈಡು ಹಾರಿದರೆ ಪುಸ್ತಕ ಹಿಡಿದು ಪೊಲೀಸರು ಸೀದಾ ಅವರ ಜಗಲಿಗೆ ಬರಬಹುದು. ನಾಡ ಪಿಸ್ತೂಲನ್ನು ಹೊಳೆಗೆ ಎಸೆದರೆ ಎಸೆದವನಿಗೆ ನಷ್ಟವೂ ಅಲ್ಪ, ಸುಳಿವೂ ಅಲ್ಪ. ಕೊಲೆಗಡುಕನಿಗೆ ಅದು ಪ್ರಿಯವಾಗಿರುವುದು ಇದರಿಂದಲೇ ಎಂದು ನನಗೆ ತೋರುತ್ತದೆ.

ನಮ್ಮ ಮಲೆಯೂ ಇದಕ್ಕೆ ದೂರವಲ್ಲ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದ ಬಳಿಕ ಕೊಪ್ಪ ತಾಲ್ಲೂಕಿನ ಮೇಗೂರಿನ ಕಾಡಿನಲ್ಲಿ ದೊರೆತ ಆಯುಧಗಳ ಪೈಕಿ ನಾಡ ಪಿಸ್ತೂಲೂ ಒಂದಿತ್ತು.

ಹಾಗಾದರೆ ಲೈನಿನ ಹುಡುಗನ ಗತಿಯೇನು? 1959ರ ಆಯುಧ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಕದ್ದು ತಯಾರಿಸಿ ಮಾರುವವನಿಗೆ 7 ವರ್ಷಕ್ಕೆ ಕಡಮೆಯಿಲ್ಲದೆ ಜೀವಾವಧಿಯವರೆಗೆ ಸೆರೆ. ಪರವಾನಗಿಯಿಲ್ಲದೆ ಬರಿದೆ ಇಟ್ಟುಕೊಂಡವನಿಗೂ 2ರಿಂದ 5 ವರ್ಷ. ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ನ್ಯಾಯಾಧೀಶರು ಇದನ್ನು ಕಡಮೆಮಾಡಬಹುದು. ಇನ್ನೊಂದು ಮಾತು ನನ್ನನ್ನು ಬೆರಗುಗೊಳಿಸಿತು: ಪೈರಿನ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವನಿಗೆ ಬಾಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡಬೇಕೆಂದು ಆ ಕಾಯಿದೆಯ 13ನೆಯ ಕಲಮೇ ಹೇಳುತ್ತದೆ. ಹುಡುಗನ ಬಳಿ ಇದ್ದುದು ಅಂಥದೇ ಕೋವಿ. ಆದರೆ ಪರವಾನಗಿ ಕೇಳುವುದಕ್ಕೆ ಅವನಿಗೆ ಸ್ವಂತ ಪೈರೆಲ್ಲಿ? ಅವನು ನಾಟಿಮಾಡುವುದೂ ಕಾಯುವುದೂ ಪರರ ಗದ್ದೆಯನ್ನು.

ಇದನ್ನೆಲ್ಲ ಅತ್ತೆಯವರಿಗೆ ಬಿಡಿಸಿ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರದೋ ಕೈಗೆ ಹೋಗಿದ್ದರೆ ಅದೇ ಕೋವಿ ಮನುಷ್ಯರನ್ನೂ ಕೊಲ್ಲುತ್ತಿತ್ತು, ಹೌದು. ಆದರೂ ಪುಸ್ತಕ ಮಾಡಿಸಿಕೊಳ್ಳಬೇಕೆಂದು ಆ ಹುಡುಗನಿಗೆ ನಾವಾದರೂ ಹೇಳಬಹುದಿತ್ತಲ್ಲ” ಎಂದರು. ಮಾವನವರು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಮಾತಾಡಲಿಲ್ಲ. ಹುಡುಗನಿಗೆ ಜಾಮೀನು ಸಿಕ್ಕಿದೆ. ವಾಯಿದೆಯ ದಿನ ತಾಯಿಯೂ ಮಗನೂ ಒಂದು ದಿನದ ಕೂಲಿ ಬಿಟ್ಟು ಚಿಕ್ಕಮಗಳೂರಿನ ಬಸ್ಸು ಹತ್ತುವರು. ಬಸ್ಸಿನ ಚಾರ್ಜನ್ನು ಅತ್ತೆಯವರು ಹಿಂದಿನ ಸಂಜೆಯೇ ಲೈನಿಗೆ ಕಳಿಸಿಕೊಡುವರು.