ಹಳೆಯ ಕಿಟಕಿ ತೆಗೆದದ್ದು

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವೆಂದು ಹಿರಿಯರು ಹೇಳುತ್ತಾರೆ. ಅವರು ಕಂಪ್ಯೂಟರನ್ನು ಕಂಡಿರಲಿಲ್ಲ. ಊರಿಗಾಮಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಐದಾರು ವರ್ಷ ವಿಂಡೋಸ್ 7 ಮತ್ತು ಲಿನಕ್ಸ್ ಎಂಬ ಎರಡು ಆಡಳಿತಗಳು ಒಂದೇ ಡಿಸ್ಕಿನಲ್ಲಿ ಸಂಸಾರ ಮಾಡಿಕೊಂಡಿದ್ದವು. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಮೂಡುವುದು; ಹತ್ತು ಸೆಕೆಂಡಿನೊಳಗೆ ಯಾರು ಬೇಕೆಂದು ಹೇಳಬೇಕು. ಇಬ್ಬರೂ ಒಟ್ಟಿಗೆ ಎಚ್ಚರವಾಗಿರುವುದಿಲ್ಲ. ಗಣಿಯ ಪಾಳಿಯ ಹಾಗೆ, ಒಬ್ಬ ಮೇಲೆ ಬಂದರೆ ಮತ್ತೊಬ್ಬ ಇಳಿಯಬೇಕು.

ಆಡಳಿತ ಬದಲಾಗುವುದು ಈ ಊರಿಗೆ ಹೊಸದೇನೂ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಎಲ್ಲವೂ ಮುಚ್ಚಿತು. ದೊರೆಗಳು ಹೋದರೂ ರಾಬರ್ಟ್‌ಸನ್ ಪೇಟೆ, ಆಂಡರ್‌ಸನ್ ಪೇಟೆ ಎಂಬ ಹೆಸರುಗಳು ಮಾತ್ರ ನಮಗೇ ಉಳಿದವು. ಹಳೆಯದನ್ನು ಪೂರ್ತಿ ತೆಗೆದುಹಾಕುವ ಅಭ್ಯಾಸ ನಮ್ಮವರಿಗಿಲ್ಲ.

ವಿಂಡೋಸ್ 7 ಬಂದದ್ದು 2009ರಲ್ಲಿ. 2020ರ ಜನವರಿ 14ಕ್ಕೆ ಅದರ ತಯಾರಕರು ರಕ್ಷಣೆಯ ತೇಪೆಗಳನ್ನು ನಿಲ್ಲಿಸಿದರು. ಮನೆ ನಿಂತೇ ಇದೆ, ಕಾವಲುಗಾರನ ಸಂಬಳ ಮಾತ್ರ ನಿಂತಿತು ಅನ್ನಿ. ಆಗಲೇ ಪಕ್ಕದ ಮನೆಯ ತಮಿಳು ಹುಡುಗ ಬಂದು ಮಗ್ಗುಲಿನಲ್ಲಿ ಲಿನಕ್ಸನ್ನು ಕೂರಿಸಿಕೊಟ್ಟ. 320 ಗಿಗಾಬೈಟಿನ ಡಿಸ್ಕಿನಲ್ಲಿ ಹಳಬನಿಗೆ ಮುಕ್ಕಾಲು ಪಾಲು, ಹೊಸಬನಿಗೆ ಮೂಲೆ. ಕೆಲಸವೆಲ್ಲ ಮೂಲೆಯವನೇ ಮಾಡುತ್ತಿದ್ದ. ಮಗಳ ಪಾಠದ ವಿಡಿಯೋಗಳಿಂದ ಆ ಮೂಲೆ ತುಂಬಿ ಉಸಿರಾಡುವುದಕ್ಕೂ ಜಾಗವಿಲ್ಲದಂತಾದಾಗ, ಹಳೆಯದನ್ನು ತೆಗೆದುಹಾಕಿ ಎಂದು ಮನೆಯವರೆಲ್ಲ ಒಕ್ಕೊರಲಿನಿಂದ ತೀರ್ಪು ಕೊಟ್ಟರು.

ತೆಗೆಯುವುದಕ್ಕೆ ಐದು ನಿಮಿಷ ಸಾಕು. ಆದರೆ ಅದರೊಳಗೆ ನಮ್ಮ ತಂದೆಯವರಿದ್ದರು.

ತಂದೆ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತೆ. ಗಣಿ ಮುಚ್ಚಿ ಹತ್ತು ವರ್ಷದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 'ನುಡಿ' ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕಲಿತರು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಮೇಲೆ ನಿಂತ ಅದನ್ನು ಅವರು ಹದಿನೈದು ದಿನದಲ್ಲಿ ಕೈವಶ ಮಾಡಿಕೊಂಡರು. ಆಮೇಲೆ 2017ರಲ್ಲಿ ತೀರಿಕೊಳ್ಳುವವರೆಗೆ ದಿನಕ್ಕೊಂದು ಪುಟ. ತಮಗೆ ನೆನಪಿದ್ದ ಕೆಲಸಗಾರರು, ಯಾರು ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಬಂಡೆ ಸಿಡಿದು ನೆಲ ನಡುಗಿದ ರಾತ್ರಿ ಯಾರ ಮನೆಯ ಹೆಂಗಸರು ಗಣಿಯ ಬಾಗಿಲಿಗೆ ಓಡಿದರು, ಯಾರು ಮೇಲೆ ಬರಲಿಲ್ಲ. ಅರವತ್ತೆರಡು ಕಡತಗಳು. ನಾವು ಯಾರೂ ಪೂರ್ತಿ ಓದಿರಲಿಲ್ಲ.

ಕಡತಗಳನ್ನು ಲಿನಕ್ಸಿಗೆ ನಕಲು ಮಾಡಿ ತೆರೆದೆ. 'ಕನ್ನಡ' ಎಂಬ ಮಾತಿದ್ದಲ್ಲಿ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪಕ್ಕದಲ್ಲಿ ಪೌಂಡಿನ ಗುರುತು! ಬಿಳಿಯರ ಕಂಪೆನಿಗಳು ಆಳಿದ ಊರಿನಲ್ಲಿ ಪೌಂಡು ಕಾಣಿಸಿಕೊಂಡದ್ದು ಆಶ್ಚರ್ಯವಲ್ಲವೆಂದು ನಗಬಹುದಾಗಿತ್ತು, ನಗು ಬರಲಿಲ್ಲ. ಸಂಗತಿ ಇಷ್ಟೇ: ಆ ಕಾಲದ ನುಡಿ, ಬರಹಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷು. ಫಾಂಟಿನ ವೇಷ ಕಳಚಿದರೆ ಒಳಗಿನದು ಹೊರಗೆ ಬೀಳುತ್ತದೆ. ಯೂನಿಕೋಡಿನಲ್ಲಿ ಮಾತ್ರ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸ್ವಂತ ಸಂಖ್ಯೆಯುಂಟು.

ಫಾಂಟನ್ನು ಇಲ್ಲಿಗೂ ತಂದರಾಯಿತಲ್ಲ ಎಂದ ಹುಡುಗ. ತಂದೆವು, ಕನ್ನಡ ಕಂಡಿತು. ಆದರೆ ಒಂದು ಹೆಸರನ್ನು ಹುಡುಕಿದರೆ ಸಿಕ್ಕದು; ಬೆಂಗಳೂರಿನ ತಂಗಿಗೆ ಕಳಿಸಿದರೆ ಅವಳ ಫೋನಿನಲ್ಲಿ ಮತ್ತೆ ಪೌಂಡು. ಕೊನೆಗೆ ಪರಿವರ್ತಕವೊಂದಕ್ಕೆ ಕೊಟ್ಟು ಯೂನಿಕೋಡಿಗೆ ತಿರುಗಿಸಿದೆವು. ಹೆಚ್ಚಿನದು ಸರಿಯಾಗಿಯೇ ಬಂತು. ತೊಂದರೆ ಬಂದದ್ದು ಬೇರೆ ಕಡೆ. ತಂದೆ ಗುಮಾಸ್ತೆಯ ಅಭ್ಯಾಸಬಲದಿಂದ ಕೆಲಸಗಾರರ ಹೆಸರುಗಳನ್ನೂ ಶಾಫ್ಟುಗಳ ಹೆಸರುಗಳನ್ನೂ ಇಂಗ್ಲಿಷಿನಲ್ಲೇ ಹೊಡೆದಿದ್ದರು, ಹಾಜರಿ ಪುಸ್ತಕದಲ್ಲಿದ್ದ ಹಾಗೆ. ಪರಿವರ್ತಕಕ್ಕೆ ಅದೂ ಮಾರುವೇಷದ ಕನ್ನಡವೇ! ಗಿಫರ್ಡ್ ಶಾಫ್ಟ್ ಎಂಬುದು ಯಾರೂ ಉಚ್ಚರಿಸಲಾಗದ ಒತ್ತಕ್ಷರಗಳ ರಾಶಿಯಾಯಿತು. ಸತ್ತವರ ಹೆಸರುಗಳೂ ಹಾಗೆಯೇ. ಪುಸ್ತಕದಲ್ಲಿ ಮುಖ್ಯವಾದದ್ದೇ ಅದು.

ಆದ್ದರಿಂದ ಹಳೆಯದನ್ನು ತೆಗೆಯುವ ಮೊದಲು ಅದನ್ನೇ ಎಬ್ಬಿಸಿ ಕೆಲಸ ಮಾಡಿಸಬೇಕಾಯಿತು. ವಿಂಡೋಸಿನೊಳಗೇ ಕುಳಿತು ಅರವತ್ತೆರಡನ್ನೂ, ತಂದೆಯ ಕಣ್ಣಿಗೆ ಹೇಗೆ ಕಂಡಿದ್ದವೋ ಹಾಗೆ, ಪಿ.ಡಿ.ಎಫ್. ಮಾಡಿ ಉಳಿಸಿದೆ. ಮೂಲದ ನಕಲು, ಪಿ.ಡಿ.ಎಫ್., ಯೂನಿಕೋಡ್, ಮೂರನ್ನೂ ಎರಡು ಪೆನ್‌ಡ್ರೈವಿನಲ್ಲಿ ಹಾಕಿ, ಒಂದನ್ನು ಬಂಗಾರಪೇಟೆಯ ಅಣ್ಣನ ಮನೆಗೆ ಕೊಟ್ಟು ಬಂದೆ. ಎಣಿಸಿ, ತೆರೆದು ನೋಡಿ, ಆಮೇಲೆ ಮುಂದಿನ ಮಾತು.

ಗಣಿಯವರು ಒಂದು ಆಸರೆಯನ್ನು ಕೀಳುವ ಮೊದಲು ಅದರ ಮೇಲೆ ಏನು ನಿಂತಿದೆಯೆಂದು ನೋಡುತ್ತಾರೆ. ಇಲ್ಲಿಯೂ ಅದೇ. ಎರಡು ಹೆಸರು ತೋರಿಸುವ ದ್ವಾರಪಾಲಕ ಯಾರ ಕಡೆಯವನು ಎಂಬುದು ಮೊದಲ ಪ್ರಶ್ನೆ. ನಮ್ಮಲ್ಲಿ ಅವನು ಗ್ರಬ್, ಲಿನಕ್ಸಿನ ಆಳು. ವಿಂಡೋಸ್ ಹೋದರೂ ಬಾಗಿಲು ತೆರೆಯುತ್ತಾನೆ. ವಿಂಡೋಸಿನ ಆಳಾಗಿದ್ದರೆ ಯಜಮಾನನೊಡನೆ ಅವನೂ ಹೋಗಿ, ಬೆಳಗ್ಗೆ ಕಪ್ಪು ಪರದೆಯೊಂದೇ ಉಳಿಯುತ್ತಿತ್ತು. ಹೊಸ ಯಂತ್ರಗಳಲ್ಲಿ ಇ.ಎಫ್.ಐ. ಎಂಬ ಚಿಕ್ಕ ವಿಭಾಗವಿರುತ್ತದೆ. ಅದು ಇಬ್ಬರಿಗೂ ಸೇರಿದ ಹಜಾರ, ಮುಟ್ಟಬಾರದು. ನಮ್ಮದು ಅದಕ್ಕಿಂತ ಹಳೆಯ ಕಾಲದ್ದು.

ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಎಬ್ಬಿಸಿ, ಜಿಪಾರ್ಟೆಡ್‌ನಲ್ಲಿ ಡಿಸ್ಕಿನ ನಕ್ಷೆ ತೆರೆದೆವು. ಎಡಕ್ಕೆ ಎನ್.ಟಿ.ಎಫ್.ಎಸ್. ಎಂಬ ದೊಡ್ಡ ಪಟ್ಟಿ, ಬಲಕ್ಕೆ ನಮ್ಮದು. ಎಡದ್ದನ್ನು ಅಳಿಸಿ ಬಲದ್ದನ್ನು ಹಿಗ್ಗಿಸೋಣವೆಂದು ಹುಡುಗನ ಉತ್ಸಾಹ. ಎಡಕ್ಕೆ ಹಿಗ್ಗಿಸುವುದೆಂದರೆ ಇದ್ದ ದತ್ತಾಂಶವನ್ನೆಲ್ಲ ಹೊತ್ತು ಸರಿಸಬೇಕು, ಗಂಟೆಗಟ್ಟಲೆ. ನಡುವೆ ಕರೆಂಟು ಹೋದರೆ ಎರಡೂ ಇಲ್ಲ. 1902ರಲ್ಲೇ ಶಿವನಸಮುದ್ರದಿಂದ ಈ ಗಣಿಗಳಿಗೆ ವಿದ್ಯುತ್ತು ಹರಿದಿತ್ತು ನಿಜ. ಮೊನ್ನೆಯ ಸಂಜೆ ಅದು ಹರಿದು ಬರುವ ಭರವಸೆ ನನಗಿರಲಿಲ್ಲ. ಸರಿಸುವುದು ಬೇಡವೆಂದೆ. ಖಾಲಿಯಾದ ಜಾಗವನ್ನು ಇ.ಎಕ್ಸ್.ಟಿ.4 ಮಾಡಿ, ಎಫ್‌ಸ್ಟ್ಯಾಬ್ ಕಡತದಲ್ಲಿ ಅದರ ಗುರುತನ್ನು ಬರೆದು, ಬೇರೆ ಉಗ್ರಾಣವಾಗಿ ಸೇರಿಸಿಕೊಂಡೆವು. ಹೊಸ ಗೋಡೆ ಕಟ್ಟುವುದಕ್ಕಿಂತ ಹಳೆಯ ಕೋಣೆಗೆ ಸುಣ್ಣ ಹೊಡೆಯುವುದು ಮೇಲು. ಅಪ್ಲೈ ಗುಂಡಿ ಒತ್ತುವ ಮುನ್ನ ಹುಡುಗ ನನ್ನ ಮುಖ ನೋಡಿದ. ನಾನೇ ಒತ್ತಿದೆ. ನಿಮಿಷವೂ ಹಿಡಿಯಲಿಲ್ಲ. ಲಿನಕ್ಸಿಗೆ ಮರಳಿ ಗ್ರಬ್ಬಿನ ಪಟ್ಟಿಯನ್ನು ನವೀಕರಿಸಿದ ಮೇಲೆ ಎರಡನೆಯ ಹೆಸರೂ ಮಾಯವಾಯಿತು.

ಮಗಳಿಗೆ ಬೇಕಾದಷ್ಟು ಜಾಗ ಸಿಕ್ಕಿತು. ನಾನು ಈಗ ರಾತ್ರಿ ಊಟವಾದ ಮೇಲೆ ಎಡಗಡೆ ಪಿ.ಡಿ.ಎಫ್., ಬಲಗಡೆ ಯೂನಿಕೋಡ್ ಇಟ್ಟುಕೊಂಡು ಕೂರುತ್ತೇನೆ. ಕೆಟ್ಟ ಒತ್ತಕ್ಷರದ ರಾಶಿ ಸಿಕ್ಕಿದಲ್ಲಿ ನಿಲ್ಲಿಸಿ, ತಂದೆ ಹೊಡೆದ ಹೆಸರನ್ನು ಕಂಡು, ಕನ್ನಡದಲ್ಲಿ ಬರೆಯುತ್ತೇನೆ. ಕೆಲವು ತಮಿಳು ಹೆಸರುಗಳ ಉಚ್ಚಾರವನ್ನು ಪಕ್ಕದ ಮನೆಯ ಅಜ್ಜಿಯಿಂದ ಕೇಳಿಕೊಳ್ಳುತ್ತೇನೆ. ನಿನ್ನೆ ಒಂದು ಹೆಸರು ಓದಿದಾಗ ಆಕೆ, ಅದು ನನ್ನ ಮೈದುನ ಎಂದಳು. ಮೂವತ್ತೊಂದನೆಯ ಕಡತದಲ್ಲಿದ್ದೇನೆ.